ಜಪಾನಿನ ಕಾರು ಕಂಪನಿಗಳ ಕಾಲ ಮುಗಿಯಿತಾ?

ಬಿಡದಿಯಲ್ಲಿ ಜಪಾನಿ ಕಾರುಗಳಿಗೆ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಟ್ರೈನಿ ಕೆಲಸ ಸಿಕ್ಕಿದೆ, ನಿಸಾನ್ ಸ್ಥಿತಿ ನೋಡಿ ಸೇರಲು ಹೆದರಿಕೆ ಆಗುತ್ತಿದೆ ಅಂತ ಬರೆದಿದ್ದೀರಿ. ನಾನೂ ಅಂಥದ್ದೇ ಕಡೆ ಹನ್ನೆರಡು ವರ್ಷ ದುಡಿದವನು. ಮೊದಲೇ ಹೇಳಿಬಿಡುತ್ತೇನೆ, ಜಪಾನಿನವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ.

ನಿಸಾನ್ ಕಥೆ ನೆನೆದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. 1999ರಲ್ಲೇ ಅದು ದಿವಾಳಿಯ ಅಂಚಿಗೆ ಬಂದಿತ್ತು. ಫ್ರಾನ್ಸಿನ ಕಾರು ಕಂಪನಿ ರೆನೋ ದುಡ್ಡು ಹಾಕಿತು. ಅವರು ಕಳಿಸಿದ ಕಾರ್ಲೋಸ್ ಘೋನ್ 21,000 ಕೆಲಸ ಕಡಿತ ಮಾಡಿ ಕಂಪನಿಯನ್ನು ಎತ್ತಿ ನಿಲ್ಲಿಸಿದರು. 2010ರ ಕೊನೆಗೆ ನಿಸಾನಿನ ಎಲೆಕ್ಟ್ರಿಕ್ ಕಾರು ಲೀಫ್ ಬಂತು. ಎಲೆಕ್ಟ್ರಿಕ್ ಕಾರಿನಲ್ಲಿ ಇವರು ಎಲ್ಲರಿಗಿಂತ ಮುಂದಿದ್ದರು! ಆದರೆ ಅದರ ಬ್ಯಾಟರಿ ತಣ್ಣಗಾಗಲು ಬರೀ ಗಾಳಿಯೇ ಗತಿ. ಅಮೆರಿಕದ ಅರಿಜೋನಾದಂಥ ಬಿಸಿಲ ನಾಡಿನಲ್ಲಿ ಒಂದೆರಡು ವರ್ಷಕ್ಕೇ ಬ್ಯಾಟರಿಯ ತಾಕತ್ತು ಎಷ್ಟು ಉಳಿದಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡಿನ ಗೆರೆಗಳು ಒಂದೊಂದಾಗಿ ಆರತೊಡಗಿದವು. 2017ರ ಹೊಸ ಲೀಫ್‌ನಲ್ಲೂ ಅದೇ ಗಾಳಿ.

ನಮ್ಮ ಲೈನ್ ಪಕ್ಕದಲ್ಲಿ ಒಂದು ಹಗ್ಗ ಇತ್ತು, ಆಂಡಾನ್ ಅಂತ ಕರೆಯುತ್ತಿದ್ದೆವು. ಏನಾದರೂ ತಪ್ಪು ಕಂಡರೆ ಯಾರು ಬೇಕಾದರೂ ಅದನ್ನು ಎಳೆಯಬಹುದಿತ್ತು. ಸೇರಿದ ಮೊದಲ ವಾರ ಒಂದು ಬೋಲ್ಟ್ ಯಾಕೋ ಸರಿ ಕೂರಲಿಲ್ಲ. ಹೆದರುತ್ತಲೇ ಹಗ್ಗ ಎಳೆದೆ. ಹಳದಿ ದೀಪ ಹತ್ತಿತು, ಸೂಪರ್‌ವೈಸರ್ ಓಡಿ ಬಂದರು. ಬೈಯಲಿಲ್ಲ, "ಒಳ್ಳೇದಾಯ್ತು ಎಳೆದಿದ್ದು" ಅಂದರು. ಲೀಫ್ ಸುದ್ದಿ ಓದಿದಾಗೆಲ್ಲ ನನಗೆ ಆ ಹಗ್ಗ ನೆನಪಾಗುತ್ತದೆ, ಬ್ಯಾಟರಿ ವಿಷಯದಲ್ಲಿ ಯಾರೂ ಹಗ್ಗ ಎಳೆಯಲಿಲ್ಲವಲ್ಲ ಅಂತ.

ಆಮೇಲೆ ಅಮೆರಿಕದ ಜನ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನೂ ಎಲೆಕ್ಟ್ರಿಕ್ ಮೋಟಾರೂ ಎರಡೂ ಇರುವ ಕಾರು ಕೇಳಿದಾಗ, ಅಲ್ಲಿ ಮಾರಲು ನಿಸಾನ್ ಹತ್ತಿರ ಒಂದೂ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಹೋಂಡಾ ಜೊತೆ ಸೇರುವ ಮಾತಾಯಿತು, 2025ರ ಫೆಬ್ರವರಿಗೆ ಮುರಿದುಬಿತ್ತು. ಆ ಹಣಕಾಸು ವರ್ಷದ ನಷ್ಟ 67,000 ಕೋಟಿ ಯೆನ್. ಈಗ 20,000 ಕೆಲಸ ಹೋಗುತ್ತಿದೆ, 17 ಕಾರ್ಖಾನೆ 10ಕ್ಕೆ ಇಳಿಯುತ್ತಿದೆ. ಲೀಫ್ ಹುಟ್ಟಿದ ಒಪ್ಪಾಮಾ ಕಾರ್ಖಾನೆಯಲ್ಲೂ ಕಾರು ತಯಾರಿ ನಿಲ್ಲಲಿದೆ.

ಟೊಯೋಟಾ 1997ರ ಪ್ರಿಯಸ್ಸಿನಿಂದ ಹಿಡಿದ ಹೈಬ್ರಿಡ್ ದಾರಿಯನ್ನು ಬಿಡಲೇ ಇಲ್ಲ. ಎಲೆಕ್ಟ್ರಿಕ್‌ನಲ್ಲಿ ಹಿಂದೆ ಬಿದ್ದರು ಅಂತ ಎಷ್ಟೋ ಜನ ಬೈದರು. ಆದರೆ ಇವತ್ತು ಅವರನ್ನು ಕಾಯುತ್ತಿರುವುದು ಅದೇ ಹೈಬ್ರಿಡ್. ಹಾಗಂತ ಅವರೂ ಅಪರಂಜಿ ಏನಲ್ಲ. ಅವರದೇ ಡೈಹಾಟ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ವರ್ಷಾನುಗಟ್ಟಲೆ ಮೋಸ ಮಾಡಿ 2023ರಲ್ಲಿ ಸಿಕ್ಕಿಬಿತ್ತು.

ಸುಜುಕಿ 2012ರಲ್ಲಿ ಅಮೆರಿಕ ಬಿಟ್ಟಿತು, 2018ರಲ್ಲಿ ಚೀನಾ. ಉಳಿಸಿದ್ದು ನಮ್ಮ ದೇಶ, 1983ರ ಮಾರುತಿ. ಇಲ್ಲೇ ತಯಾರಾಗುವ ಐದು ಬಾಗಿಲ ಜಿಮ್ನಿಗೆ 2025ರ ಜನವರಿಯಲ್ಲಿ ಜಪಾನಿನಲ್ಲಿ ಎಷ್ಟು ಬೇಡಿಕೆ ಬಂತೆಂದರೆ, ಕೆಲವೇ ದಿನಕ್ಕೆ ಬುಕಿಂಗ್ ನಿಲ್ಲಿಸಬೇಕಾಯಿತು. ಅದೇ ಸುಜುಕಿ ಥಾಯ್ಲೆಂಡಿನ ಕಾರ್ಖಾನೆ ಮುಚ್ಚುವ ತೀರ್ಮಾನ ಮಾಡಿತು. ಅಲ್ಲಿ ಚೀನಾದ ಎಲೆಕ್ಟ್ರಿಕ್ ಕಾರುಗಳ ಏಟು ಜಪಾನಿನವರಿಗೆ ಜೋರಾಗೇ ಬಿದ್ದಿದೆ. ನಿಮ್ಮ ಭಯ ಸುಮ್ನೆ ಅಲ್ಲ.

ಸೇರುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಅವರ ಮಾಲು ಯಾವ ಕಂಪನಿಗೆ ಹೋಗುತ್ತದೆ? ಅವರು ಮಾಡುವ ಭಾಗ ಎಲೆಕ್ಟ್ರಿಕ್ ಕಾರಿಗೂ ಬೇಕಾಗುತ್ತದಾ? ಸೀಟು, ಬ್ರೇಕು, ವೈರಿಂಗ್ ಆದರೆ ಧೈರ್ಯವಾಗಿ ಸೇರಿ. ಬರೀ ಸೈಲೆನ್ಸರ್ ಪೈಪ್ ಆದರೆ, ಎಲೆಕ್ಟ್ರಿಕ್ ಕಾರಿಗೆ ಅದು ಬೇಕಾಗಿಲ್ಲ, ಕೆಲಸ ಕಲಿತುಕೊಂಡು ಮೂರ್ನಾಲ್ಕು ವರ್ಷದಲ್ಲಿ ಬೇರೆ ಕಡೆ ನೋಡಿಕೊಳ್ಳಿ.