ಬಿ.ಕಾಂ. ಮುಗಿಸಿದವರಿಗೆ ಮೊದಲ ಕೆಲಸ ಹುಡುಕಲು ಯಾವ ಜಾಬ್ ಪೋರ್ಟಲ್ ಒಳ್ಳೆಯದು? ಹಣ ಕೊಟ್ಟು ಅದರ ಪ್ರೀಮಿಯಂ ಸದಸ್ಯತ್ವ ತೆಗೆದುಕೊಳ್ಳಬೇಕೆ?

ಚಿತ್ರದುರ್ಗದಲ್ಲಿ ಈ ವರ್ಷ ಬಿ.ಕಾಂ. ಮುಗಿಸಿ, ದಿನವೂ ಅರ್ಜಿ ಹಾಕುತ್ತಿದ್ದರೂ ಒಂದು ಕರೆಯೂ ಬಂದಿಲ್ಲವೆಂದು ಬರೆದಿದ್ದೀರಿ. ನಾನು ಓದಿದ್ದು ದಾವಣಗೆರೆಯಲ್ಲಿ; ವಿಶ್ವವಿದ್ಯಾಲಯವೂ ಪದವಿಯೂ ನಿಮ್ಮದೇ. ಫಲಿತಾಂಶ ಬಂದ ಮೇಲೆ ನಾನೂ ನೌಕ್ರಿ ಮತ್ತು ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದು, ‘ಅಪ್ಲೈ’ ಎಂಬ ಗುಂಡಿ ಕಂಡಲ್ಲೆಲ್ಲ ಒತ್ತುತ್ತ ಮನೆಯಲ್ಲಿ ಕುಳಿತಿದ್ದೆ. ಫೋನ್ ಮಾತ್ರ ಸುಮ್ಮನಿತ್ತು.

ಕಾರಣ ಪೋರ್ಟಲ್ ಆಗಿರಲಿಲ್ಲ, ನನ್ನ ರೆಸ್ಯೂಮೆಯ ಫೈಲ್ ಆಗಿತ್ತು. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಟೈಪ್ ಮಾಡಿಸಿದ್ದೆ. ಕೊನೆಯಲ್ಲಿ ‘ಮೇಲಿನ ಮಾಹಿತಿಯೆಲ್ಲ ಸತ್ಯ’ ಎಂಬ ಘೋಷಣೆಯ ಕೆಳಗೆ ಸಹಿ ಇರಲೇಬೇಕೆಂದು ಯಾರೋ ಹೇಳಿದ್ದರಿಂದ, ಪ್ರಿಂಟ್ ತೆಗೆಸಿ, ಸಹಿ ಹಾಕಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಆ ಪಿಡಿಎಫ್ ಅನ್ನೇ ಎಲ್ಲ ಕಡೆ ಹಾಕಿದೆ. ನೋಡುವವರ ಕಣ್ಣಿಗೆ ಅದರಲ್ಲಿ ಅಕ್ಷರಗಳಿದ್ದವು. ಕಂಪ್ಯೂಟರಿಗೆ ಅದು ಕಾಗದದ ಫೋಟೊ ಅಷ್ಟೇ. ಕಂಪನಿಯ ಎಚ್‌ಆರ್ ಸಿಬ್ಬಂದಿ ಬಂದ ಅರ್ಜಿಗಳನ್ನೆಲ್ಲ ಒಂದೊಂದಾಗಿ ತೆರೆದು ಓದುವುದಿಲ್ಲ. ಅವರು ಹುಡುಕಾಟದ ಜಾಗದಲ್ಲಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ, ಪಾಸಾದ ವರ್ಷ, ಊರು ಇವುಗಳನ್ನು ಟೈಪ್ ಮಾಡಿ, ಪಟ್ಟಿಯಲ್ಲಿ ಮೇಲೆ ಬಂದವರಿಗೆ ಫೋನ್ ಮಾಡುತ್ತಾರೆ. ನಾನು ಟ್ಯಾಲಿ ಕಲಿತಿದ್ದೆ, ಆದರೆ ನನ್ನ ಫೈಲಿನಲ್ಲಿ ಆ ಪದ ಯಂತ್ರಕ್ಕೆ ಸಿಗುವಂತೆ ಎಲ್ಲಿಯೂ ಇರಲಿಲ್ಲ. ಅಪ್‌ಲೋಡ್ ಮಾಡಿದಾಗ ತಾನಾಗಿ ತುಂಬಬೇಕಿದ್ದ ಅಂಕಣಗಳು ಖಾಲಿ ಉಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಕಡ್ಡಾಯವಾದವನ್ನಷ್ಟೇ ತುಂಬಿ, ಕೌಶಲಗಳ ಅಂಕಣದಲ್ಲಿ ‘ಪ್ರಾಮಾಣಿಕ, ಶ್ರಮಜೀವಿ’ ಎಂದು ಬರೆದು ಮುಂದೆ ಹೋದೆ. ಆ ಪದಗಳನ್ನು ಟೈಪ್ ಮಾಡಿ ಯಾರೂ ಅಕೌಂಟ್ಸ್ ಅಸಿಸ್ಟೆಂಟನ್ನು ಹುಡುಕುವುದಿಲ್ಲ.

ಬೆಂಗಳೂರಿನಲ್ಲಿ ನೇಮಕಾತಿಯ ಕೆಲಸದಲ್ಲಿದ್ದ ಕಾಲೇಜಿನ ಸೀನಿಯರ್ ಒಬ್ಬರು ದೀಪಾವಳಿಗೆ ಊರಿಗೆ ಬಂದಾಗ ನನ್ನ ಫೈಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಅದರೊಳಗೆ ‘ಟ್ಯಾಲಿ’ ಎಂದು ಹುಡುಕಿ ತೋರಿಸಿದರು, ಏನೂ ಸಿಗಲಿಲ್ಲ. ಅಷ್ಟರಲ್ಲಿ ಅದೇ ವರ್ಷ ಪಾಸಾದವರಿಗೆಂದೇ ಕರೆದಿದ್ದ ಹುದ್ದೆಗಳಲ್ಲಿ ಹೆಚ್ಚಿನವು ಮುಗಿದಿದ್ದವು. ಫ್ರೆಶರ್ ಎಂಬ ಅರ್ಹತೆಗೂ ಅವಧಿಯಿದೆ, ನನಗಾದ ನಿಜವಾದ ನಷ್ಟ ಅದೇ. ನೀವು ಇಂದೇ ನಿಮ್ಮ ಪಿಡಿಎಫ್ ಅನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಸಾಲುಗಳನ್ನು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಅಕ್ಷರ ಬಾರದಿದ್ದರೆ ಅಥವಾ ಎರಡು ಅಂಕಣಗಳ ವಿನ್ಯಾಸದಿಂದಾಗಿ ಸಾಲುಗಳು ಕಲಸಿ ಬಂದರೆ, ವರ್ಡ್‌ನಲ್ಲಿ ಸರಳವಾಗಿ ಟೈಪ್ ಮಾಡಿ ನೇರವಾಗಿ ಪಿಡಿಎಫ್ ಆಗಿ ಉಳಿಸಿ. ಸಹಿ ಬೇಕಾಗಿಲ್ಲ.

ಆದ್ದರಿಂದ ಯಾವ ಪೋರ್ಟಲ್ ಒಳ್ಳೆಯದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರೀಮಿಯಂಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಓದಲಾಗದ ಫೈಲನ್ನು ಹಣ ಕೊಟ್ಟು ಮೇಲೆ ತಂದರೂ ಅದು ಓದಲಾಗದ ಫೈಲೇ. ಆ ಪೋರ್ಟಲ್‌ಗಳ ಜೊತೆಗೆ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಎಂಬ ಉದ್ಯೋಗ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿ. ಅಪ್ರೆಂಟಿಸ್ ತರಬೇತಿಯ ನ್ಯಾಟ್ಸ್ ಪೋರ್ಟಲನ್ನು ಬಿ.ಕಾಂ.ನವರು ಎಂಜಿನಿಯರುಗಳಿಗೆಂದು ಬಿಟ್ಟುಬಿಡುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ತಾಂತ್ರಿಕೇತರ ಪದವೀಧರರಿಗೂ ಅಲ್ಲಿ ಅವಕಾಶವಿದೆ, ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಕೂಡ ಸಿಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಊರು ಎಂಬಲ್ಲಿ ಬೆಂಗಳೂರನ್ನು ಮಾತ್ರ ಹಾಕಬೇಡಿ. ನನಗೆ ಮೊದಲ ಕೆಲಸ ಸಿಕ್ಕಿದ್ದು ದಾವಣಗೆರೆಯಲ್ಲೇ, ಒಬ್ಬ ಆಡಿಟರ ಕಚೇರಿಯಲ್ಲಿ. ಸಂಬಳ ಕಡಿಮೆಯಿತ್ತು, ನಿಜ. ಆದರೆ ಮಂಡಿಪೇಟೆಯ ವರ್ತಕರ ಬಿಲ್ಲುಗಳನ್ನು ಟ್ಯಾಲಿಗೆ ಏರಿಸಿ, ಪ್ರತಿ ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸುವ ಒತ್ತಡದಲ್ಲಿ ಕಲಿತದ್ದು ಯಾವ ಕೋರ್ಸಿನಲ್ಲಿಯೂ ಸಿಗಲಿಲ್ಲ. ಆ ಕೆಲಸಗಳ ಹೆಸರನ್ನೇ ರೆಸ್ಯೂಮೆಯಲ್ಲಿ ಬರೆದ ಮೇಲೆ ಬೆಂಗಳೂರಿನಿಂದ ಕರೆಗಳು ತಾವಾಗಿ ಬಂದವು. ನಿಮ್ಮ ಜಿಲ್ಲೆಯಲ್ಲಿ ಚಳ್ಳಕೆರೆಯ ಎಣ್ಣೆ ಗಿರಣಿಗಳಿವೆ, ಅವರ ಲೆಕ್ಕವನ್ನೂ ಯಾರಾದರೂ ಬರೆಯಲೇಬೇಕು. ಇಂತಹ ಕೆಲಸಗಳು ಪೋರ್ಟಲ್‌ಗೆ ಬರುವುದು ಅಪರೂಪವಾದ್ದರಿಂದ ನೀವೇ ಹೋಗಿ ಕೇಳಿ.

ಕೆಲಸ ಕೊಡಿಸುತ್ತೇವೆಂದು ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಕೇಳುವವರು ಯಾರೇ ಆಗಲಿ, ಕರೆ ಕತ್ತರಿಸಿ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.