ಸ್ನೋಮೊಬೈಲ್ ಹೆಡ್‌ಲೈಟ್ ಮಂಕಾಗಿದೆಯೇ? ಬಲ್ಬು ಕೊಳ್ಳುವ ಮೊದಲು ವೋಲ್ಟ್ ನೋಡಿ

ಪ್ರಶ್ನೆ: ನನ್ನದು ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹಳೆಯ ಸ್ನೋಮೊಬೈಲ್, ಅಂದರೆ ಮುಂದೆ ಸ್ಕೀ, ಹಿಂದೆ ರಬ್ಬರ್ ಪಟ್ಟಿ (ಟ್ರ್ಯಾಕ್) ಇರುವ ಹಿಮದ ಗಾಡಿ. ಬ್ಯಾಟರಿ ಇಲ್ಲ. ಹೆಡ್‌ಲೈಟಿನಲ್ಲಿ 60/55 ವ್ಯಾಟಿನ (ಹೈ ಬೀಮಿಗೆ 60, ಲೋ ಬೀಮಿಗೆ 55) ಎಚ್4 ಹ್ಯಾಲೊಜೆನ್ ಬಲ್ಬು ಇದೆ. ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ಬೆಳಕು ಸಾಲುವುದೇ ಇಲ್ಲ. ನಿಧಾನ ಮಾಡಿದರೆ ಇನ್ನೂ ಮಂಕಾಗುತ್ತದೆ. ಒಬ್ಬ ಗೆಳೆಯ 100 ವ್ಯಾಟಿನ ಬಲ್ಬು ಹಾಕು ಅನ್ನುತ್ತಾನೆ, ಇನ್ನೊಬ್ಬ ಎಲ್‌ಇಡಿ ಹಾಕು ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಿಧಾನ ಮಾಡಿದರೆ ಮಂಕಾಗುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಬಲ್ಬಿಗೆ ಬೇಕಾದಷ್ಟು ಕರೆಂಟ್ ತಲುಪುತ್ತಿಲ್ಲ ಅನ್ನುವ ಅನುಮಾನ ನನಗೆ. ಹಾಗಿದ್ದರೆ ಬಲ್ಬು ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಿಮ್ಮಂಥ ಗಾಡಿಯಲ್ಲಿ ಕರೆಂಟ್ ಬರುವುದು ಎಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್ ಮತ್ತು ಅದರ ಪಕ್ಕದ, ತಂತಿ ಸುತ್ತಿದ ಕಾಯಿಲ್‌ನಿಂದ. ಎಂಜಿನ್ ಜೋರಾಗಿ ತಿರುಗಿದರೆ ಜಾಸ್ತಿ ಕರೆಂಟ್, ನಿಧಾನವಾದರೆ ಕಡಿಮೆ. ತಗ್ಗಿದಾಗ ತುಂಬಿಕೊಡಲು ಬ್ಯಾಟರಿ ಇಲ್ಲ. ಆ ಕರೆಂಟಿನಲ್ಲೇ ಹ್ಯಾಂಡಲ್ ಬಿಸಿಯಾಗಬೇಕು, ಹೆಬ್ಬೆರಳಿನ ಹೀಟರ್ ಓಡಬೇಕು, ಹಿಂದಿನ ದೀಪವೂ ಉರಿಯಬೇಕು. ಎಲ್ಲರೂ ಒಂದೇ ಕೊಡದ ನೀರು ಹಂಚಿಕೊಳ್ಳುತ್ತಿದ್ದಾರೆ.

ಹ್ಯಾಲೊಜೆನ್ ಬಲ್ಬು ವೋಲ್ಟೇಜಿನ ವಿಷಯದಲ್ಲಿ ತುಂಬಾ ಸೂಕ್ಷ್ಮ. ವೋಲ್ಟೇಜ್ ಸ್ವಲ್ಪ ತಗ್ಗಿದರೂ ಬೆಳಕು ಸಿಕ್ಕಾಪಟ್ಟೆ ಇಳಿಯುತ್ತದೆ. ಎಚ್4 ಬಲ್ಬಿನ ಅಳತೆ ಮಾಡುವುದು 13.2 ವೋಲ್ಟ್‌ನಲ್ಲಿ. ಅಷ್ಟು ಸಿಕ್ಕರೆ ಹೈ ಬೀಮ್ ಸುಮಾರು 1650 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ), ಲೋ ಬೀಮ್ ಸುಮಾರು 1000 ಲ್ಯೂಮೆನ್ ಕೊಡುತ್ತದೆ. 12 ವೋಲ್ಟ್ ಸಿಕ್ಕರೆ ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ಹೋಯಿತು. 11 ವೋಲ್ಟ್ ಸಿಕ್ಕರೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಅಂದರೆ ನೀವು ಹೊಸ ಬಲ್ಬಿನಲ್ಲಿ ಹುಡುಕುತ್ತಿರುವ ಬೆಳಕು ಈಗಿರುವ ಬಲ್ಬಿನಲ್ಲೇ ಅಡಗಿರಬಹುದು.

ಹಾಗಾಗಿ ಮೊದಲು ಅಳೆಯಿರಿ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಬಲ್ಬು ಉರಿಯುತ್ತಿರುವಾಗಲೇ ಅದರ ಹೋಲ್ಡರ್ ಹಿಂದೆ ಮುಟ್ಟಿಸಿ ನೋಡಬೇಕು. ಬಲ್ಬು ತೆಗೆದು ಬರೀ ಹೋಲ್ಡರ್ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಮೋಸ ಹೋಗುತ್ತೀರಿ. ನಿಮ್ಮ ಗಾಡಿಯ ದೀಪಕ್ಕೆ ಬರುವುದು ಬಹುತೇಕ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್, ಆದ್ದರಿಂದ ಮೀಟರನ್ನು ಎಸಿಗೆ ಇಡಿ. ಹ್ಯಾಂಡಲ್ ಹೀಟರ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ನೋಡಿ. ಐಡ್ಲಿಂಗ್‌ನಲ್ಲಿ ನೋಡಿ, ಸ್ವಲ್ಪ ರೇಸ್ ಕೊಟ್ಟು ನೋಡಿ. ಇದನ್ನು ಬಯಲಿನಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆ ಜೀವ ತೆಗೆಯುತ್ತದೆ. ಇನ್ನೊಬ್ಬರು ಬ್ರೇಕ್ ಹಿಡಿದು ಕೂತಿರಲಿ, ಗಾಡಿ ಹೊರಡುವಷ್ಟು ರೇಸ್ ಬೇಡ. ಟ್ರ್ಯಾಕಿನ ಹಿಂದೆ ಯಾರೂ ನಿಲ್ಲಬಾರದು.

ಕಾಯಿಲ್ ಹತ್ತಿರ ವೋಲ್ಟೇಜ್ ಸರಿಯಾಗಿದ್ದು ಬಲ್ಬಿನ ಹತ್ತಿರ ಇಳಿದಿದ್ದರೆ ತೊಂದರೆ ಇರುವುದು ನಡುವಿನ ವೈರಿನ ದಾರಿಯಲ್ಲಿ. ತುಕ್ಕು ಹಿಡಿದ ಕನೆಕ್ಟರ್, ಸಡಿಲವಾದ ಅರ್ತ್, ಸುಟ್ಟ ಸ್ವಿಚ್. ಹಿಮದಲ್ಲಿ ಓಡುವ ಗಾಡಿಗೆ ತೇವ ಬಿಟ್ಟಿದ್ದಲ್ಲ, ಇವೆಲ್ಲ ಆಗಿಯೇ ಆಗುತ್ತವೆ. ಕನೆಕ್ಟರ್ ಉಜ್ಜಿ ಸ್ವಚ್ಛ ಮಾಡಿ, ಅರ್ತ್ ವೈರಿನ ಬೋಲ್ಟ್ ಬಿಚ್ಚಿ ಬಣ್ಣ ಕೆರೆದು ಮತ್ತೆ ಬಿಗಿ ಮಾಡಿ. ಎಷ್ಟೋ ಗಾಡಿಗಳಿಗೆ ಇಷ್ಟರಲ್ಲೇ ಜೀವ ಬರುವುದನ್ನು ನೋಡಿದ್ದೇನೆ. ಕಾಯಿಲ್ ಹತ್ತಿರವೇ ಕಡಿಮೆ ಇದ್ದರೆ ಕಾಯಿಲ್ ಅಥವಾ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ರೆಗ್ಯುಲೇಟರ್ ಪರೀಕ್ಷೆ ಮಾಡಿಸಿ. ಇನ್ನೊಂದು ಸುಳಿವು ಇದೆ: ಬಲ್ಬು ಮಂಕಾಗದೆ ಪದೇ ಪದೇ ಸುಟ್ಟುಹೋಗುತ್ತಿದ್ದರೆ ರೆಗ್ಯುಲೇಟರ್ ವೋಲ್ಟೇಜನ್ನು ತಡೆಯುತ್ತಿಲ್ಲ ಎಂದರ್ಥ. 5 ಶೇಕಡಾ ಹೆಚ್ಚು ವೋಲ್ಟೇಜ್ ಬಂದರೂ ಹ್ಯಾಲೊಜೆನ್ ಬಲ್ಬಿನ ಆಯಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಈಗ 100 ವ್ಯಾಟಿನ ಮಾತು. ಕೆಲವು ವರ್ಷಗಳ ಹಿಂದೆ ನಾನೂ ಹಾಕಿದ್ದೆ. ಮೊದಲ ರಾತ್ರಿ ಖುಷಿಯೋ ಖುಷಿ. ಎರಡು ವಾರಕ್ಕೆ ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ಬಲ್ಬಿನ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲ್ಭಾಗದ ಹೊಳಪು ಮಾಸಿತ್ತು. ಕೊನೆಗೆ ಇಡೀ ಹೆಡ್‌ಲೈಟ್ ಬದಲಿಸಿದೆ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 12 ವೋಲ್ಟ್‌ನಲ್ಲಿ 60 ವ್ಯಾಟ್ ಬಲ್ಬು 5 ಆಂಪಿಯರ್ ಎಳೆಯುತ್ತದೆ, 100 ವ್ಯಾಟಿನದು 8.3 ಆಂಪಿಯರ್. ಅದೇ ವೈರಿನಲ್ಲಿ ಹುಟ್ಟುವ ಬಿಸಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ಅದಲ್ಲದೆ ನಿಮ್ಮ ಕಾಯಿಲ್ ಈಗಾಗಲೇ ಏದುಸಿರು ಬಿಡುತ್ತಿದೆ. ಅದರ ಮೇಲೆ ಇನ್ನೂ 40 ವ್ಯಾಟ್ ಹೇರಿದರೆ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ, ಕೈಯೂ ತಣ್ಣಗಾಗುತ್ತದೆ. ದಯವಿಟ್ಟು ಬೇಡ.

ಎಲ್‌ಇಡಿ ವಿಷಯ ಅಷ್ಟು ಸರಳವಲ್ಲ. ಅದರ ಒಳ್ಳೆಯ ಗುಣ ಕಡಿಮೆ ಕರೆಂಟಿಗೆ ಹೆಚ್ಚು ಬೆಳಕು. ಅರ್ಧಕ್ಕಿಂತ ಕಡಿಮೆ ವ್ಯಾಟಿನಲ್ಲಿ ಕೆಲಸ ಮುಗಿಸುತ್ತದೆ, ಉಳಿದದ್ದು ಹೀಟರಿಗೆ ಸಿಗುತ್ತದೆ. ಆದರೆ ಎಲ್‌ಇಡಿಗೆ ಬೇಕಾದದ್ದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ನಿಮ್ಮ ಗಾಡಿಯ ಎಸಿಯಲ್ಲಿ ಸುಮ್ನೆ ಸಿಕ್ಕಿಸಿದರೆ ಐಡ್ಲಿಂಗ್‌ನಲ್ಲಿ ಪಟಪಟ ಮಿನುಗುತ್ತದೆ, ಇಲ್ಲವೇ ಬೇಗ ಕೆಡುತ್ತದೆ. ಎಸಿಯನ್ನು ಡಿಸಿ ಮಾಡಲು ರೆಕ್ಟಿಫೈಯರ್ ಬೇಕು, ಮಿನುಗು ತಡೆಯಲು ಕೆಪಾಸಿಟರ್ ಬೇಕು. ಹಳೆಯ ಗಾಡಿಗಳಲ್ಲಿ ಕಾಯಿಲಿನ ಒಂದು ತುದಿ ಬಾಡಿಗೇ ಅರ್ತ್ ಆಗಿರುವುದುಂಟು. ಅದನ್ನು ನೋಡದೆ ಬ್ರಿಡ್ಜ್ ರೆಕ್ಟಿಫೈಯರ್ ಜೋಡಿಸಿದರೆ ಶಾರ್ಟ್ ಆಗಬಹುದು. ವೈರಿಂಗ್ ಬಲ್ಲವರ ಕೈಯಲ್ಲೇ ಮಾಡಿಸಿ.

ಎರಡನೆಯ ತೊಡಕು ಬೆಳಕಿನ ಆಕಾರದ್ದು, ಇದನ್ನು ಜನ ಮರೆಯುತ್ತಾರೆ. ಎಚ್4 ಬಲ್ಬಿನೊಳಗೆ ಲೋ ಬೀಮ್ ತಂತಿಯ ಕೆಳಗೆ ಬಟ್ಟಲಿನಂಥ ಚಿಕ್ಕ ಲೋಹದ ಚೂರು ಇರುತ್ತದೆ. ಬೆಳಕು ಮೇಲಕ್ಕೆ ಹಾರದಂತೆ ತಡೆಯುವುದು ಅದೇ. ರಿಫ್ಲೆಕ್ಟರನ್ನು ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿಯ ಚಿಪ್ ಸರಿಯಾಗಿ ಅದೇ ಜಾಗದಲ್ಲಿ ಇಲ್ಲದಿದ್ದರೆ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಮೂಗಿನ ಮುಂದಿನ ಹಿಮ ಹಾಲಿನಂತೆ ಹೊಳೆಯುತ್ತದೆ, ದೂರದ ತಿರುವು ಕಾಣುವುದಿಲ್ಲ. ಹತ್ತಿರ ಜಾಸ್ತಿ ಬೆಳಕಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ್ದು ಇನ್ನೂ ಕಪ್ಪಾಗುತ್ತದೆ. ಎದುರಿಗೆ ಬರುವವರ ಕಣ್ಣಂತೂ ಕೋರೈಸಿ ಹೋಗುತ್ತದೆ. ಹೀಗಾಗಿ ಎಲ್‌ಇಡಿ ಹಾಕಿದ ಮೇಲೆ ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿ. ಲೋ ಬೀಮಿನ ಮೇಲಂಚು ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖ ಮಾಡುವಂತೆ ತಿರುಗಿಸಿ. ಆಗಲೂ ಆಗದಿದ್ದರೆ ಆ ಬಲ್ಬು ನಿಮ್ಮ ರಿಫ್ಲೆಕ್ಟರಿಗಲ್ಲ. ಸಾರ್ವಜನಿಕ ದಾರಿಯಲ್ಲಿ ಓಡಿಸುವವರು ಹ್ಯಾಲೊಜೆನ್ ಹೆಡ್‌ಲೈಟಿನೊಳಗೆ ಎಲ್‌ಇಡಿ ಹಾಕಲು ಅಲ್ಲಿನ ಕಾನೂನು ಬಿಡುತ್ತದೆಯೇ ಎಂದೂ ಕೇಳಿಕೊಳ್ಳಿ. ಹಲವು ಕಡೆ ಬಿಡುವುದಿಲ್ಲ.

ನಿಮ್ಮ ಗಾಡಿಗೆ ನಾನು ಹೇಳುವುದು ಇಷ್ಟು. ವೋಲ್ಟೇಜ್ ಸರಿ ಮಾಡಿ, ಆಮೇಲೆ ಅದೇ 60/55 ವ್ಯಾಟಿನಲ್ಲಿ ಒಳ್ಳೆಯ ಗುಣಮಟ್ಟದ ಎಚ್4 ಹಾಕಿ. ಡಬ್ಬಿಯ ಮೇಲೆ ನೂರು ಶೇಕಡಾ ಹೆಚ್ಚು ಬೆಳಕು ಎಂದು ಬರೆದಿರುತ್ತದೆ. ಒಟ್ಟು ಬೆಳಕು ದುಪ್ಪಟ್ಟು ಆಗುವುದಿಲ್ಲ. ತಂತಿಯನ್ನು ನಾಜೂಕಾಗಿ ಸುತ್ತಿ, ದಾರಿಯ ಒಂದು ಭಾಗಕ್ಕೆ ಬೆಳಕನ್ನು ಒಟ್ಟುಗೂಡಿಸುತ್ತಾರೆ ಅಷ್ಟೆ. ಅದರಿಂದ ಉಪಯೋಗ ಇದೆ, ಆದರೆ ಆಯಸ್ಸು ಕಡಿಮೆ. ನೀಲಿ ಬಣ್ಣ ಬಳಿದ ಬಲ್ಬು ಬೇಡವೇ ಬೇಡ, ಆ ಬಣ್ಣ ಬೆಳಕನ್ನು ತಿನ್ನುತ್ತದೆ. ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದ ಜಾಗ ಕಾದು ಗಾಜು ಬಿರಿಯುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ.

ಆಮೇಲೆ ಹೆಡ್‌ಲೈಟಿನ ಮುಖ ಎಲ್ಲಿಗಿದೆ ನೋಡಿ. ಸಮನಾದ ನೆಲದಲ್ಲಿ, ಗೋಡೆಯಿಂದ ಸುಮಾರು 7.6 ಮೀಟರ್, ಅಂದರೆ 25 ಅಡಿ ದೂರ ನಿಲ್ಲಿಸಿ. ಓಡಿಸುವವರು ಸೀಟಿನ ಮೇಲೆ ಕೂತಿರಬೇಕು. ಬೆಳಕಿನ ದಟ್ಟ ಭಾಗ ಹೆಡ್‌ಲೈಟಿನ ಎತ್ತರಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಕೆಲವು ಗಾಡಿಗಳಿಗೆ ಬೇರೆ ಅಳತೆ ಇರುತ್ತದೆ, ಕೈಪಿಡಿಯಲ್ಲಿರುವುದನ್ನೇ ಹಿಡಿಯಿರಿ. ಹಿಂದೆ ಯಾರಾದರೂ ಕೂತರೆ, ಇಲ್ಲವೇ ಹಿಂದಿನ ಸಸ್ಪೆನ್ಷನ್ ಸೋತಿದ್ದರೆ ಮೂತಿ ಮೇಲಾಗುತ್ತದೆ, ಬೆಳಕು ಮರದ ತುದಿಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ವೇಗಕ್ಕೆ ಒಂದು ಲೆಕ್ಕ ಇರಲಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 50 ಮೀಟರ್ ಕಾಣುತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಮೂರೇ ಸೆಕೆಂಡು. ಅದರಲ್ಲಿ ಒಂದೂವರೆ ಸೆಕೆಂಡು ಕಂಡದ್ದನ್ನು ಅರಿತು ಬ್ರೇಕ್ ಹಿಡಿಯುವುದರಲ್ಲೇ ಹೋಗುತ್ತದೆ. ರಾತ್ರಿ ಬಣ್ಣದ ಗಾಗಲ್ಸ್ ಬಿಟ್ಟು ಬಣ್ಣವಿಲ್ಲದ ತಿಳಿ ಗಾಜಿನದು ಹಾಕಿ.

ಪ್ರಶ್ನೆ: ನನ್ನ ಹೊಸ ಗಾಡಿಯಲ್ಲಿ ಎಲ್‌ಇಡಿ ಹೆಡ್‌ಲೈಟ್ ಇದೆ. ಹಿಮ ಬೀಳುವಾಗ ಗಾಜಿನ ಮೇಲೆ ಮೆತ್ತಿಕೊಳ್ಳುತ್ತದೆ. ಮುಂದೆ ಬಿಳಿ ಪರದೆ ಕಟ್ಟಿದ ಹಾಗೆ ಕಾಣುತ್ತದೆ. ಹಳದಿ ಬಣ್ಣದ ಹಾಳೆ ಅಂಟಿಸಿದರೆ ಸರಿಹೋಗುತ್ತಾ?

ಉತ್ತರ: ಮೆತ್ತುವುದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ಹ್ಯಾಲೊಜೆನ್ ಬಲ್ಬು ಮುಂದಕ್ಕೆ ಬಿಸಿ ಸೂಸಿ ಗಾಜಿನ ಹಿಮ ಕರಗಿಸುತ್ತಿತ್ತು. ಎಲ್‌ಇಡಿಯ ಬಿಸಿ ಹೆಚ್ಚಾಗಿ ಹಿಂದಕ್ಕೆ ಹೋಗುತ್ತದೆ. ಗಾಡಿ ನಿಲ್ಲಿಸಿ ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದೇ ದಾರಿ. ಉಗುರು, ಚಾಕು ಹಾಕಿ ಕೆರೆಯಬೇಡಿ, ಪ್ಲಾಸ್ಟಿಕ್ ಗೀರಿದರೆ ಬೆಳಕು ಶಾಶ್ವತವಾಗಿ ಚೆದುರುತ್ತದೆ.

ಹಿಮದ ಹಳುಕು ಬೆಳಕಿನ ಅಲೆಗಿಂತ ತುಂಬಾ ದೊಡ್ಡದು. ಹಳದಿ, ಬಿಳಿ, ನೀಲಿ ಎಲ್ಲವನ್ನೂ ಅದು ಒಂದೇ ಥರ ಚೆದುರಿಸುತ್ತದೆ. ಹಳದಿ ಬೆಳಕು ಕೆಲವರ ಕಣ್ಣಿಗೆ ಹಿತ ಅನಿಸುತ್ತದೆ, ಅಷ್ಟರ ಮಟ್ಟಿಗೆ ಸರಿ. ಆದರೆ ಹಾಳೆ ಅಂಟಿಸಿದರೆ ಒಟ್ಟು ಬೆಳಕು ಕಡಿಮೆಯೇ ಆಗುತ್ತದೆ. ಹಿಮ ಬೀಳುವಾಗ ಹೈ ಬೀಮ್ ಆರಿಸಿ ಲೋ ಬೀಮ್‌ನಲ್ಲಿ ಹೋಗಿ. ಹೆಲ್ಮೆಟ್ ಮೇಲಿನ ದೀಪವನ್ನು ಆಗ ಹಚ್ಚಲೇಬೇಡಿ. ಕಣ್ಣಿನ ಪಕ್ಕದಿಂದಲೇ ಹೊರಟ ಬೆಳಕು ನೇರವಾಗಿ ಕಣ್ಣಿಗೇ ವಾಪಸ್ ಬರುತ್ತದೆ, ಅಲ್ವಾ? ಹೆಚ್ಚಿನ ದೀಪ ಬೇಕೇ ಬೇಕು ಅಂದರೆ ಆದಷ್ಟು ಕೆಳಗೆ, ಸ್ಕೀಗಳ ಹತ್ತಿರ, ಅಗಲಕ್ಕೆ ಹರಡುವ ಚಿಕ್ಕ ದೀಪ ಹಾಕಿಸಿ. ಮುಂದೆ ಹೋಗುತ್ತಿರುವ ಗಾಡಿ ಎಬ್ಬಿಸುವ ಹಿಮದ ಪುಡಿ ಇಳಿಯುವಷ್ಟು ದೂರ ಬಿಟ್ಟು ಓಡಿಸಿ. ಅರ್ಧ ಪರದೆ ಅಲ್ಲೇ ಸರಿಯುತ್ತದೆ.