ನನ್ನ ಹತ್ತಿರ ಹೇಳದ್ದನ್ನು ಗುರುತಿಲ್ಲದವರಿಗೆ ಬರೆಯುತ್ತಾರೆ

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್. ನಾನು, ಮಗಳು ದಾಸರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಈ ಸಲ ರಜೆಗೆ ಬಂದವರಿಗೆ ರಾತ್ರಿ ನಿದ್ದೆಯೇ ಇಲ್ಲ. ಎರಡು ಗಂಟೆಗೆ ಟೆರೇಸಿಗೆ ಹೋಗಿ ಸಿಂಟೆಕ್ಸ್ ಪಕ್ಕ ಕೂತು ಫೋನ್ ಒತ್ತುತ್ತಿರುತ್ತಾರೆ. ಬೇರೆ ಹೆಂಗಸಿರಬಹುದು ಅಂತ ಕದ್ದು ನೋಡಿದೆ. ಯಾವುದೋ ಚಾಟ್ ಗ್ರೂಪಿನಲ್ಲಿ ಸುಳ್ಳು ಹೆಸರಿಟ್ಟುಕೊಂಡು ‘ಎಲ್ಲಾ ಸಾಕಾಗಿದೆ’ ಅಂತ ಬರೆದಿದ್ದಾರೆ. ಕೇಳಿದರೆ ‘ಯಾರಿಗೂ ಹೇಳಬೇಡ, ಕೆಟಗರಿ ಹಾಕ್ತಾರೆ’ (ವೈದ್ಯಕೀಯ ದರ್ಜೆ ಇಳಿಸ್ತಾರೆ) ಅಂದರು. ಇನ್ನು ಹನ್ನೆರಡು ದಿನ ರಜೆ ಇದೆ. ಯೂನಿಟ್‌ಗೆ ಫೋನ್ ಮಾಡಲಾ?
- ಹೆಸರು ಬೇಡ

ಉತ್ತರ: ತಂಗಿ, ‘ನನಗೆ ಯಾಕೆ ಹೇಳಲಿಲ್ಲ’ ಅನ್ನುವ ನೋವು ನಿಮ್ಮ ಪತ್ರದಲ್ಲಿ ಬರೆದಿಲ್ಲ, ಆದರೂ ಕಾಣುತ್ತದೆ. ಅದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಹೆಂಡತಿ ಎದುರು ಕುಗ್ಗಿದ ಮುಖ ತೋರಿಸಲು ಎಷ್ಟೋ ಗಂಡಸರಿಗೆ ಆಗುವುದಿಲ್ಲ, ಯೂನಿಫಾರ್ಮ್ ಹಾಕಿದವರಿಗೆ ಇನ್ನೂ ಕಷ್ಟ. ಸುಳ್ಳು ಹೆಸರಿನಲ್ಲಾದರೂ ಬಾಯಿಬಿಟ್ಟಿದ್ದಾರಲ್ಲ, ನನಗೆ ಅದೇ ಸಮಾಧಾನ.

ಆದರೆ ಆ ಗ್ರೂಪಿನ ಬಗ್ಗೆ ನನಗೆ ಭಯವಿದೆ. ಇವತ್ತು ‘ಬ್ರದರ್, ಧೈರ್ಯವಾಗಿರು’ ಎಂದವನೇ ನಾಳೆ ‘ಪೋಸ್ಟಿಂಗ್ ಎಲ್ಲಿ’ ಅಂತ ಕೇಳಬಹುದು. ಮನಸ್ಸು ಸೋತವರನ್ನು ಹುಡುಕಿ ಮಾಹಿತಿ ಕೀಳುವವರು ಇದ್ದಾರೆ. 2020ರ ಜುಲೈನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿಂದ ತೆಗೆಯಲು ಹೇಳಿದ್ದು ಸುಮ್ನೆ ಅಲ್ಲ. ಅದೂ ಅಲ್ಲದೆ, ರಾತ್ರಿ ಎರಡು ಗಂಟೆಗೆ ಅವರ ಮಾತು ವಿಷಮಕ್ಕೆ ಹೋದರೆ ಆ ಗ್ರೂಪಿನಲ್ಲಿ ಯಾರು ಎದ್ದು ಬರುತ್ತಾರೆ?

ಫೋನ್ ಕಿತ್ತುಕೊಳ್ಳಬೇಡಿ. ಅದೇ ಫೋನಿನಲ್ಲಿ 14416 ಒತ್ತಿಸಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮನಸ್ಸಿನ ಕಷ್ಟಕ್ಕೆ ಸಹಾಯ ಮಾಡುವ ಉಚಿತ ಫೋನ್ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಸೇನೆಯವರಿಗೂ ಅವರ ಮನೆಯವರಿಗೂ ಅಂತಲೇ ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಬೇರೆ ಘಟಕ ತೆರೆದಿದ್ದಾರೆ. ‘ಮನೆಯವರಿಗೂ’ ಅಂದರೆ ನೀವೂ ಮಾತಾಡಬಹುದು. ಅವರು ಒಪ್ಪುವವರೆಗೆ ಕಾಯಬೇಕಿಲ್ಲ, ಮೊದಲ ಫೋನ್ ನೀವೇ ಮಾಡಿ.

ಇನ್ನು ಕೆಟಗರಿ. ಅವರ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ಸೇನೆಯ ವೈದ್ಯಕೀಯ ಗ್ರೇಡಿಂಗ್‌ಗೆ ‘ಶೇಪ್’ ಅಂತಾರೆ, ಅದರ ಮೊದಲ ಅಕ್ಷರ ‘ಎಸ್’ ಮನಸ್ಸಿನದ್ದು. ಅಲ್ಲಿ ಇಳಿದರೆ ಪ್ರಮೋಷನ್, ಪೋಸ್ಟಿಂಗ್ ಎಲ್ಲದರ ಚಿಂತೆ. ಆದರೆ ತಾತ್ಕಾಲಿಕ ಕೆಟಗರಿ ಅಂತಲೂ ಇದೆ, ಮತ್ತೆ ವೈದ್ಯರ ಬೋರ್ಡ್ ಕೂತು ಮೇಲಕ್ಕೆ ತರುವುದೂ ಇದೆ. ಕಾಲು ಮುರಿದಿದ್ದರೆ ಪ್ಲಾಸ್ಟರ್ ಮುಚ್ಚಿಟ್ಟುಕೊಂಡು ಪರೇಡ್‌ಗೆ ಹೋಗುತ್ತಿದ್ದರಾ? ಈ ಮಾತನ್ನು ಅವರಿಗೇ ಕೇಳಿ, ನಗುತ್ತಾ ಕೇಳಿ.

ಯೂನಿಟ್‌ಗೆ ಈಗಲೇ, ಅವರ ಬೆನ್ನ ಹಿಂದೆ, ಬೇಡ. ಅದಕ್ಕೆ ಮೊದಲು ನೇರವಾಗಿ ಒಂದು ಕೇಳಿ: ‘ಸಾಯಬೇಕು ಅನ್ನಿಸುತ್ತಾ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ‘ಹೌದು’ ಅಂದರೆ, ಅಥವಾ ಉತ್ತರ ಕೊಡದೆ ತಲೆ ತಗ್ಗಿಸಿದರೆ, ಗುಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಒಬ್ಬರೇ ಬಿಡಬೇಡಿ, ಟೆರೇಸಿಗಂತೂ ಬೇಡವೇ ಬೇಡ. ಮಾತ್ರೆ, ಇಲಿಪಾಷಾಣ ಇದ್ದರೆ ಎತ್ತಿಡಿ. ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಗೋ ನಿಮ್ಹಾನ್ಸ್ ತುರ್ತು ವಿಭಾಗಕ್ಕೋ ಆಗಲೇ ಹೊರಡಿ. ಹೊರಡುತ್ತಾ ಯೂನಿಟ್‌ಗೂ ತಿಳಿಸಿ, ಯಜಮಾನರು ಕೋಪ ಮಾಡಿಕೊಂಡರೂ ಪರವಾಗಿಲ್ಲ.

‘ಇಲ್ಲ, ಅಷ್ಟು ದೂರ ಹೋಗಿಲ್ಲ’ ಅಂದರೂ ಇವತ್ತು ರಾತ್ರಿ ಅವರು ಎದ್ದಾಗ ಹಿಂದೆಯೇ ನೀವೂ ಏಳಿ. ಕಾಫಿ ಬೇಡ, ಇರುವ ನಿದ್ದೆಯೂ ಹೋಗುತ್ತದೆ. ಎರಡು ಲೋಟ ಬಿಸಿ ಹಾಲು ಹಿಡಿದು ಹೋಗಿ ಸಿಂಟೆಕ್ಸ್ ಪಕ್ಕ ಕೂತುಕೊಳ್ಳಿ. ಫೋನಿನಲ್ಲಿ ಏನಿದೆ ಅಂತ ಮಾತ್ರ ಕೇಳಬೇಡಿ.